ಗೋಡೆಗೆ ಮುಖ ಮಾಡಿದ ದೇವರು

ಬರೆದುಕೋ ಪುಟ್ಟೀ, ನಮ್ಮೂರ ಆ ಮಾತು ಏನು, ಗೊಂ... ಗೊಂಡಿಯೋ, ಗೊಂದಿಯೋ? ಹೌದು, ಗೊಂದಿ. ಹುಬ್ಬಳ್ಳಿಯಲ್ಲಿ ಮೇಲ್ಸೇತುವೆಯ ಕಂಬಕ್ಕೂ ಹಿಟ್ಟಿನ ಗಿರಣಿಯ ಗೋಡೆಗೂ ನಡುವೆ ಉಳಿದಿದ್ದ ಇಕ್ಕಟ್ಟಾದ ಗೊಂದಿಯಲ್ಲಿ ಪೂಜ್ಯ ಅಡಿವೆವ್ವ ತಾಯಿಯವರು ವಾಸವಾಗಿದ್ದರು. ಗಾಜು ಒಡೆದ ದೇವರ ಪಟ, ಕೈ ಮುರಿದ ಮೂರ್ತಿ ಮನೆಯಲ್ಲಿ ಇರಬಾರದು, ಕಸಕ್ಕೂ ಹಾಕಬಾರದು ಎಂದು ಜನ ಅಲ್ಲಿ ತಂದಿಟ್ಟು ಹೋಗುತ್ತಿದ್ದರು. ತಾಯಿಯವರು ಅವನ್ನೆಲ್ಲ ಒರೆಸಿ, ಸಾಲಾಗಿ ಕೂರಿಸಿ, ಒಂದೊಂದಕ್ಕೂ ಒಂದೊಂದು ಹೂವು ಏರಿಸುತ್ತಿದ್ದರು.

ಒಂದು ಮಧ್ಯಾಹ್ನ ಪಾರ್ವತೆವ್ವ ಎಂಬಾಕೆ ಸೆರಗಿನಲ್ಲಿ ಎಲ್ಲಮ್ಮನ ಪಟ ಸುತ್ತಿಕೊಂಡು ಬಂದಳು. ಜ್ವರ ಬಂದ ಮಗಳನ್ನು ಉಳಿಸೆಂದು ಹನ್ನೊಂದು ದಿನ ಆ ಪಟದ ಮುಂದೆ ಉಪವಾಸ ಕುಳಿತಿದ್ದಳು. ಮಗಳು ಉಳಿಯಲಿಲ್ಲ. ಅಂದಿನಿಂದ ಆಕೆಗೆ ಯಾರೊಡನೆಯೂ ಮಾತಿಲ್ಲ. ಒಲೆ ಹಚ್ಚಿದರೆ ಹಚ್ಚಿದಳು, ಇಲ್ಲದಿದ್ದರೆ ಇಲ್ಲ.

ತಾಯಿಯವರು ಪಟವನ್ನು ತಿರುವಿ ನೋಡಿದರು. “ಗಾಜು ಒಡದಿಲ್ಲಲ್ಲ ತಂಗಿ?”

“ಗಾಜು ಒಡದಿಲ್ಲರಿ, ನನ್ನ ಮನಿ ಒಡದೈತಿ. ಇಕಿ ಮಾರಿ ನೋಡಾಕ ಆಗವಲ್ದು ನನಗ. ಬೇಕಾದ್ರ ಬೈರಿ.”

ತಾಯಿಯವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು ಕಂಬದ ಹಿಂಬದಿಗೆ ಕರೆದೊಯ್ದರು. ಅಲ್ಲಿ ಆರೇಳು ಪಟಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಅವಕ್ಕೂ ಹೂವಿತ್ತು, ಬೆನ್ನಿನ ಕಡೆ.

“ಇವೆಲ್ಲ ಸಿಟ್ಟಾದೋರು ಬಿಟ್ಟು ಹೋದ ದೇವರು. ನಿಂದೂ ಇಲ್ಲೇ ಇಡು. ನಿನ್ನ ಸಿಟ್ಟು ಇರೂತನಕ ಇಕಿ ಹಿಂಗ ಕುಂದರ್ತಾಳ.”

ಪಾರ್ವತೆವ್ವ ಆ ಬೆನ್ನುಗಳನ್ನೇ ನೋಡುತ್ತ ನಿಂತಳು. ಇಷ್ಟೊಂದು ಒಡೆದ ಮನೆಗಳೇ? ಒಂದು ಪಟದತ್ತ ಬೆರಳು ಮಾಡಿ, “ಇದು ಯಾರದ್ರಿ?” ಎಂದಳು.

“ಗಿರಣಿ ಹಮಾಲಂದು. ಇಬ್ಬರೂ ಮಕ್ಕಳು ಹೋದ್ರು.”

ಮರುದಿನವೂ ಆಕೆ ಬಂದಳು, ಅದರ ಮರುದಿನವೂ. ತನ್ನ ಎಲ್ಲಮ್ಮನನ್ನು ಮುಟ್ಟುತ್ತಿರಲಿಲ್ಲ. ಗಿರಣಿಯಿಂದ ಹಾರಿ ಬಂದು ಕೂತ ಹಿಟ್ಟನ್ನು ಉಳಿದ ಪಟಗಳ ಬೆನ್ನಿನಿಂದ ಒರೆಸಿ ಹೋಗುತ್ತಿದ್ದಳು.

ಶ್ರಾವಣದಲ್ಲಿ ಆಟೋ ಓಡಿಸುವವನೊಬ್ಬ ಪಟ ತಂದು ಕುಕ್ಕಿದ. “ಗಾಜು ಒಡದಿಲ್ಲ. ಏನೀಗ?” ಎಂದು ಜಗಳಕ್ಕೇ ನಿಂತ. ತಾಯಿಯವರು ಬಾಯಿ ತೆರೆಯುವ ಮೊದಲೇ ಪಾರ್ವತೆವ್ವ ತನ್ನ ಪಟವನ್ನು ಎರಡೂ ಕೈಯಿಂದ ಹಿಡಿದು, ತುಸು ಸರಿಸಿ, ಜಾಗ ಮಾಡಿದಳು.

“ಏನಿಲ್ಲ ಅಣ್ಣಾ, ಇಲ್ಲಿಡು. ಬಾಜೂಕಿಂದು ನಂದು. ಮೊದಲು ಒಂದೀಟು ನೀರು ಕುಡಿ.”

ಅವನು ಅಲ್ಲೇ ಕುಸಿದು ಕುಳಿತು ಅತ್ತ. ತಾಯಿಯವರು ಹೂವಿನ ಬುಟ್ಟಿಯನ್ನು ಪಾರ್ವತೆವ್ವನ ಮಡಿಲಲ್ಲಿಟ್ಟು ಪಕ್ಕಕ್ಕೆ ಸರಿದರು. ಅಂದಿನಿಂದ ಅಲ್ಲಿಯ ಸೇವೆ ಆಕೆಯದಾಯಿತು. ಎಲ್ಲಮ್ಮ ಯಾವ ದಿನ ಆಕೆಯತ್ತ ತಿರುಗಿದಳೋ ಆಕೆಗೇ ನೆನಪಿಲ್ಲ.

ಹುಬ್ಬಳ್ಳಿ ಬಿಟ್ಟು ನಾವು ಬಂದು ನೆಲೆಸಿದ ಈ ಸೂರತ್‌ನಲ್ಲಿ ತಾಯಿಯವರ ಹೆಸರು ಯಾರಿಗೂ ಗೊತ್ತಿಲ್ಲ, ನನಗೂ ಊರಿನ ಮಾತುಗಳು ಒಂದೊಂದಾಗಿ ಮರೆಯುತ್ತಿವೆ. ಬರೆದಿಡು, ಪುಟ್ಟೀ.