ಹಗ್ಗ ತಂದವರ ಕಟ್ಟೆ

"ಬುದ್ಧಿ, ಗಿರಾಕಿಗಳ ಮಾತು ನಂಬೋದಾದ್ರೆ, ಎಲ್ಲಿ ಆಡಿದ ಮಾತನ್ನ ನಂಬಬೇಕು?"

ಹೀಗೆ ಕೇಳಿದವನು ಪಂಚಾಕ್ಷರಿ. ಏಣಿ ತಯಾರಿಸಿ ಮಾರುವವನು. ಅಂದು ಮಠಕ್ಕೆಂದು ಒಂದು ಹೊಸ ಏಣಿ ತಂದು ಗೋಡೆಗೆ ಒರಗಿಸಿ, ಗುರುಗಳ ಕಾಲಿಗೆ ಬಿದ್ದು ಎದುರಿಗೆ ಕೂತಿದ್ದ. ಗುರುಗಳು ಏಣಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಅದರ ಕಾಲುಗಳಿಗೆ ಕಪ್ಪು ರಬ್ಬರು ಹಾಕಿತ್ತು.

"ಬಿಡಿಸಿ ಹೇಳಪ್ಪ," ಎಂದರು.

"ಈಗ ಫೋನಲ್ಲಿ ನಾಲ್ಕು ಜನ ಏನು ಬರೆದವ್ರೆ ಅಂತ ನೋಡದೆ ಯಾರೂ ಏಣಿ ತಗೊಳ್ಳಲ್ಲ ಬುದ್ಧಿ. ಅಂಗಡಿ ಹೆಸರನ್ನ ಯಾವುದಾದ್ರೂ ಒಂದು ಕಡೆ ಸೇರಿಸಲೇಬೇಕು. ಒಂದು ಕಡೆ ಯಾರು ಬೇಕಾದ್ರೂ ಬರೀಬಹುದು. ಇನ್ನೊಂದು ಕಡೆಯವರು, ಕೆಟ್ಟದ್ದು ಬಂದ್ರೆ ನಾವೇ ತೆಗೀತೀವಿ ಅಂತಾರೆ. ಮತ್ತೊಬ್ಬರು ಬಿಲ್ ತೋರಿಸಿದವರಿಗೆ ಮಾತ್ರ ಬರೆಯೋಕೆ ಬಿಡ್ತಾರೆ. ಎಲ್ಲರೂ ನಾವೇ ಸಾಚಾ ಅಂತಾರೆ. ನನಗೆ ತಲೆ ಮೊಸರುಗಡಿಗೆ ಆಗಿದೆ."

"ನಿನಗೆ ಯಾವುದು ಸರಿ ಅನಿಸುತ್ತದೆ?"

"ಬಿಲ್ ಕೇಳೋರದ್ದೇ ಸರಿ ಅನ್ಸುತ್ತೆ. ಮೊನ್ನೆ ಯಾರೋ ಹೆಂಗಸು ಅಲ್ಲಿ ಬರೆಯೋಕೆ ಹೋಗಿದ್ರಂತೆ. ಹೋದ ಬೇಸಿಗೇಲಿ ಮಾಡಿದ ನೀಲಿ ಕಾಲಿನ ಏಣಿ ಇದೆಯಲ್ಲ, ಅದರ ಮೆಟ್ಟಿಲು ಬಾಗಿ ಯಜಮಾನರು ಬಿದ್ದು ಸೊಂಟ ಮುರಿದುಕೊಂಡ್ರು ಅಂತ. ಬಿಲ್ ಕೇಳಿದ್ರೆ ಇಲ್ಲ ಅಂದ್ರಂತೆ. ಆ ಕಡೆಯವರು ಅದನ್ನ ಹಾಕ್ಲೇ ಇಲ್ಲ. ನನಗೆ ತಿಳಿಸಿದ್ರು, ಅಷ್ಟೇ. ಇನ್ನೇನು, ಅವರನ್ನೇ ಹಿಡಿಯೋಣ ಅಂದ್ಕೊಂಡೆ. ಆದ್ರೆ ಯಾಕೋ ಮನಸ್ಸಿಗೆ ಸಮಾಧಾನ ಇಲ್ಲ. ಯಾಕೆ ಅಂತಾನೂ ತಿಳೀತಿಲ್ಲ."

"ಆ ಫೋನನ್ನು ಜೇಬಿಗೆ ಹಾಕು. ಒಂದು ಕತೆ ಹೇಳುತ್ತೇನೆ," ಎಂದು ಗುರುಗಳು ಶುರುಮಾಡಿದರು.

ಒಂದು ಸಂತೆಯೂರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದ್ದ. ಕತ್ತಾಳೆ ನಾರು ತರಿಸಿ, ಹೊಸೆಸಿ, ಮಾರುತ್ತಿದ್ದ. ಹೆಚ್ಚಾಗಿ ಹೋಗುತ್ತಿದ್ದದ್ದು ಬಾವಿಯ ಹಗ್ಗ. ಬಾವಿಗೆ ಇಳಿದು ಹೂಳು ತೆಗೆಯುವವರು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯುತ್ತಿದ್ದರು. ನೋಡಲು ಎಲ್ಲ ಹಗ್ಗವೂ ಒಂದೇ. ಒಳಗಿನ ನಾರು ಗಟ್ಟಿಯೋ ಕೊಳೆತಿದೆಯೋ ಎಂಬುದು ಅದಕ್ಕೆ ಜೋತುಬಿದ್ದವನಿಗೆ ಮಾತ್ರ ಗೊತ್ತು. ಹಾಗಾಗಿ ಜನ ಅಂಗಡಿಗೆ ಬರುವ ಮೊದಲು, ಕೊಂಡವರು ಏನು ಹೇಳುತ್ತಾರೆಂದು ಕೇಳಲು ಕಟ್ಟೆಗೆ ಹೋಗುತ್ತಿದ್ದರು.

ಆ ಊರಿನಲ್ಲಿ ಅಂಥ ಕಟ್ಟೆಗಳು ಮೂರಿದ್ದವು. ವ್ಯಾಪಾರಿಯಾದವನು ಒಂದು ಕಟ್ಟೆಯನ್ನು ಆರಿಸಿ, ಅಲ್ಲಿನ ಮರಕ್ಕೆ ತನ್ನ ಹಗ್ಗದ ತುಂಡೊಂದನ್ನು ಕಟ್ಟಬೇಕು. ಆಮೇಲೆ ಅವನ ಅಂಗಡಿಯ ಮಾತೆಲ್ಲ ಆ ಕಟ್ಟೆಯ ಮೇಲೆಯೇ ನಡೆಯಬೇಕು. ಇದು ಅಲ್ಲಿಯ ಪದ್ಧತಿ. ಒಮ್ಮೆ ಕಟ್ಟಿದರೆ ಬಿಚ್ಚುವಂತಿಲ್ಲ. ಹಾಗಾಗಿ ನಮ್ಮ ವ್ಯಾಪಾರಿ ನಿನ್ನ ಹಾಗೆಯೇ ತಲೆ ಕೆಡಿಸಿಕೊಂಡ.

ಮೊದಲು ಅರಳಿಕಟ್ಟೆಗೆ ಹೋದ. ಅಲ್ಲಿ ಯಾರು ಬೇಕಾದರೂ ಮಾತಾಡಬಹುದು. ಜನವೋ ಜನ. ಹಿಂದೆ ನಿಂತು ಕೇಳಿದ. ಒಬ್ಬ ಎದ್ದು, ಇವನ ಅಂಗಡಿಯ ಹಗ್ಗದಲ್ಲಿ ಮದವೇರಿದ ಆನೆಯನ್ನು ಕಟ್ಟಿಹಾಕಿದೆ ಎಂದ. ಆನೆಯ ಹಗ್ಗವನ್ನು ಇವನು ಮಾರಿದ್ದೇ ಇಲ್ಲ. ಇನ್ನೊಬ್ಬ ಎದ್ದು, ಅದೇ ಅಂಗಡಿಯ ಹಗ್ಗದಿಂದ ಎತ್ತಿನ ಕುತ್ತಿಗೆಗೆ ಹುಣ್ಣಾಯಿತು ಎಂದು ಬಾಯಿಗೆ ಬಂದಂತೆ ಬೈದ. ಅವನ ಮುಖವನ್ನು ಎಲ್ಲೋ ಕಂಡ ಹಾಗಿತ್ತು. ನೆನಪಾಯಿತು: ಎದುರು ಸಾಲಿನ ಹಗ್ಗದಂಗಡಿಯವನ ಭಾಮೈದ. ಮೂರನೆಯವನೊಬ್ಬ ನಿಜವಾದ ಗಿರಾಕಿಯೇ. ಆದರೆ ಅವನು ಹೊಗಳುತ್ತಿದ್ದದ್ದು ಬೇರೆ ಯಾರದೋ ಅಂಗಡಿಯ ಬುಟ್ಟಿಯನ್ನು. ಹೊಗಳಿಕೆಗೆ ಹಿಗ್ಗಬೇಕೋ, ಬೈಗುಳಕ್ಕೆ ಸಿಟ್ಟಾಗಬೇಕೋ ವ್ಯಾಪಾರಿಗೆ ತಿಳಿಯಲಿಲ್ಲ. ಎರಡೂ ಆಯಿತು. ಕಿವಿ ಭಾರವಾಗಿ ಅಲ್ಲಿಂದ ಹೊರಟ.

ಎರಡನೆಯದು ಬೇವಿನ ಕಟ್ಟೆ. ಹೆಸರು ಬೇವು, ಅಲ್ಲಿ ನಡೆಯುವುದೆಲ್ಲ ಬೆಲ್ಲದ ಮಾತು. ಕೆಟ್ಟದ್ದು ಹೇಳಲು ಬಂದವನನ್ನು ಕಟ್ಟೆಯವನು ನಗುನಗುತ್ತಾ ಪಕ್ಕಕ್ಕೆ ಕರೆದು, ಮಜ್ಜಿಗೆ ಕುಡಿಸಿ, ಬೆನ್ನು ಸವರಿ ಊರಿಗೆ ಕಳಿಸುತ್ತಿದ್ದ. ಅಲ್ಲಿಯ ಲೆಕ್ಕದಲ್ಲಿ ಎಲ್ಲ ಅಂಗಡಿಯ ಎಲ್ಲ ಹಗ್ಗವೂ ಲೋಕಕ್ಕೆ ಶ್ರೇಷ್ಠ. ಕೊಳ್ಳುವವರು ಅಲ್ಲಿಗೂ ಬರುತ್ತಿದ್ದರು, ಮಜ್ಜಿಗೆ ಚೆನ್ನಾಗಿತ್ತು. ಮಾತು ಕೇಳಲು ಬೇರೆ ಕಡೆ ಹೋಗುತ್ತಿದ್ದರು.

ಮೂರನೆಯದು ಹುಣಸೆಮರದ ಕಟ್ಟೆ. ಕಟ್ಟೆಯವನು ಮುಖ ಗಂಟಿಕ್ಕಿದ ಮುದುಕ. ಅವನದು ಒಂದೇ ಕಟ್ಟಳೆ: ಮಾತಾಡುವವನು ಕೊಂಡ ಹಗ್ಗವನ್ನು ಕೈಯಲ್ಲಿ ಹಿಡಿದು ಬರಬೇಕು. ಮುದುಕ ಅದರ ಹುರಿಯನ್ನು ಮರದಲ್ಲಿ ಕಟ್ಟಿದ ತುಂಡಿನ ಜೊತೆ ಹೋಲಿಸಿ ನೋಡುತ್ತಿದ್ದ. ಹೊಂದಿದರೆ ಮಾತಾಡು, ಇಲ್ಲದಿದ್ದರೆ ಇಳಿ. ಹೊಗಳಿದರೂ ಬೈದರೂ ಅವನು ನಡುವೆ ಬಾಯಿ ಹಾಕುತ್ತಿರಲಿಲ್ಲ. ಆನೆ ಕಟ್ಟಿದವನೂ ಭಾಮೈದನೂ ಅತ್ತ ಸುಳಿಯುವಂತಿರಲಿಲ್ಲ. ವ್ಯಾಪಾರಿಗೆ ಎದೆ ಹಗುರಾಯಿತು. ತನ್ನ ಹಗ್ಗದ ತುಂಡನ್ನು ಅಲ್ಲಿಯೇ ಕಟ್ಟಿದ.

ಒಳ್ಳೆಯದೇ ಆಯಿತು. ಗಿರಾಕಿಗಳು ಹಗ್ಗ ಹಿಡಿದು ಬಂದು, ನೆನೆದರೆ ಗಂಟು ಬಿಚ್ಚಲು ಬರುವುದಿಲ್ಲ, ತುದಿ ಬೇಗ ಬಿಡುತ್ತದೆ ಎಂದೆಲ್ಲ ಹೇಳಿದರು. ಇವನು ಕೇಳಿಸಿಕೊಂಡು ತಿದ್ದಿಕೊಂಡ. ತುದಿ ಬಿಡಬಾರದೆಂದು ಬಣ್ಣದ ನೂಲು ಸುತ್ತಿಸಿದ, ಒಂದೊಂದು ಸಲ ಹೊಸೆಸಿದ ಕಟ್ಟಿಗೆ ಒಂದೊಂದು ಬಣ್ಣ. ವ್ಯಾಪಾರ ಕುದುರಿತು. ಹುಣಸೆಕಟ್ಟೆಯಲ್ಲಿ ಮೆಚ್ಚಿದ ಹಗ್ಗ ಎಂದರೆ ಜನ ಎರಡನೆಯ ಮಾತಾಡದೆ ಒಯ್ಯುತ್ತಿದ್ದರು.

ಹೀಗಿರುವಾಗ ಒಬ್ಬ ರೈತ ಬರಿಗೈಯಲ್ಲಿ ಆ ಕಟ್ಟೆ ಹತ್ತಿದ. ತಲೆ ಬೋಳಿಸಿಕೊಂಡಿದ್ದ. ವ್ಯಾಪಾರಿಯೂ ಅಂದು ಅಲ್ಲಿಯೇ ನಿಂತಿದ್ದ.

"ಈ ಅಂಗಡಿ ಹಗ್ಗ ಕಟ್ಟಿಕೊಂಡು ನನ್ನ ಮಗ ಬಾವಿಗೆ ಇಳಿದ. ಹಗ್ಗ ಕಿತ್ತುಹೋಯ್ತು. ತುದಿಗೆ ಹಳದಿ ನೂಲು ಸುತ್ತಿದ ಹಗ್ಗ," ಎಂದ.

"ಹಗ್ಗ ಎಲ್ಲಿ?" ಎಂದು ಕಟ್ಟೆಯವನು ಕೇಳಿದ.

"ಮಗನ ಜೊತೆ ಸುಟ್ಟೆವು ಸ್ವಾಮಿ. ಜೀವ ತೆಗೆದ ಹಗ್ಗವನ್ನ ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳಲ್ಲ."

"ಹಗ್ಗ ಇಲ್ಲದವರಿಗೆ ಇಲ್ಲಿ ಮಾತಿಲ್ಲಪ್ಪ. ಇಳಿ."

ರೈತ ವಾದ ಮಾಡಲಿಲ್ಲ. ಇಳಿದು ಹೋದ. ಅವನು ಹೋದ ಮೇಲೆ ವ್ಯಾಪಾರಿ ಕಟ್ಟೆಯವನ ಹತ್ತಿರ ಬಂದು, ಅವನು ಹೇಳಿದ್ದು ನಿಜವೇ ಎಂದು ಕೇಳಿದ.

"ನನಗೇನು ಗೊತ್ತು? ಹಗ್ಗ ಇದ್ದರೆ ನೋಡಿ ಹೇಳುತ್ತಿದ್ದೆ. ಇಲ್ಲ. ಇದೇ ಕಟ್ಟಳೆ ಮೆಚ್ಚಿ ತಾನೇ ನೀನು ಇಲ್ಲಿಗೆ ಬಂದಿದ್ದು?" ಎಂದ ಮುದುಕ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ವ್ಯಾಪಾರಿ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಕಟ್ಟೆ ನಂಬಿಕೆಯದು. ಕಟ್ಟೆ ರೈತನನ್ನು ಇಳಿಸಿತು. ಆದ್ದರಿಂದ ಅವನು ಸುಳ್ಳ. ಲೆಕ್ಕ ಸರಿಹೋಯಿತು. ಆದರೆ ಸುಳ್ಳು ಹೇಳಲು ಯಾರಾದರೂ ತಲೆ ಬೋಳಿಸಿಕೊಳ್ಳುತ್ತಾರೆಯೇ? ಬೋಳಿಸಿಕೊಂಡರೂ ಬೋಳಿಸಿಕೊಂಡಾರು, ಎದುರು ಸಾಲಿನವರು ಏನು ಮಾಡಿಸಲೂ ಹೇಸುವವರಲ್ಲ. ಹಾಗೆಂದುಕೊಂಡು ಊಟಕ್ಕೆ ಕೂತ. ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಯಾಕೆಂದು ಅವನಿಗೂ ತಿಳಿಯಲಿಲ್ಲ.

ಕೆಲವು ದಿನ ಕಳೆದವು. ವ್ಯಾಪಾರಿಯ ಮನೆಯ ಬಾವಿಯ ಹೂಳು ತೆಗೆಯಬೇಕಾಗಿ ಬಂತು. ಇಳಿಯುವವನು ಅವನ ಸ್ವಂತ ತಮ್ಮ. ಅಂಗಡಿಗೆ ಬಂದು, "ಅಣ್ಣ, ಒಂದು ಹಗ್ಗ ಕೊಡು," ಎಂದ. ಹಳದಿ ನೂಲಿನ ಕಟ್ಟು ಕೈಗೆಟುಕುವಂತೆ ಮುಂದೆಯೇ ನೇತಾಡುತ್ತಿತ್ತು. ವ್ಯಾಪಾರಿಯ ಕೈ ಅತ್ತ ಹೋಗಿ, ನಡುವೆ ನಿಂತಿತು. ಅವನು ಅಟ್ಟ ಹತ್ತಿ, ಮೈಯೆಲ್ಲ ಧೂಳು ಮಾಡಿಕೊಂಡು, ಕೆಂಪು ನೂಲಿನ ಹಗ್ಗವೊಂದನ್ನು ಇಳಿಸಿ ತಂದ.

"ಈ ಹಳದಿದೇ ಕೈಗೆ ಸಿಗ್ತಿತ್ತಲ್ಲ ಅಣ್ಣ. ಯಾಕೆ ಅಷ್ಟು ಕಷ್ಟಪಟ್ಟೆ?" ಎಂದ ತಮ್ಮ.

"ಅದು ಗಿರಾಕಿಗಿರಲಿ," ಎಂದ ವ್ಯಾಪಾರಿ.

ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ತಮ್ಮ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೋದ. ಅಷ್ಟರಲ್ಲಿ ದೂರದ ಊರಿನ ಒಬ್ಬ ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತಿದ. ಹುಣಸೆಕಟ್ಟೆಯಲ್ಲಿ ಎಲ್ಲರ ಮಾತು ಕೇಳಿಕೊಂಡು ನೇರವಾಗಿ ಬಂದಿದ್ದ. ಬಾವಿಗೆ ಇಳಿಯಲು ಒಂದು ಹಗ್ಗ ಬೇಕು ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ? ಯಾವ ಹಗ್ಗ ಕೊಟ್ಟ?" ಎಂದು ಪಂಚಾಕ್ಷರಿ ಕೇಳಿದ.

"ನನಗೆ ಗೊತ್ತಿರುವ ಕತೆ ಇಷ್ಟೇ."

ಪಂಚಾಕ್ಷರಿ ಹಣೆ ಒರೆಸಿಕೊಂಡ. "ಅಂದ್ರೆ ಬಿಲ್ ಕೇಳೋ ಕಡೇನೂ ನಂಬಬಾರದು ಅಂತಲಾ ಬುದ್ಧಿ?"

"ನಂಬಬಹುದು. ಇರುವುದರಲ್ಲಿ ಅದೇ ಒಳ್ಳೆಯದು. ನಾನಾಗಿದ್ದರೂ ಆ ಮರಕ್ಕೇ ಕಟ್ಟುತ್ತಿದ್ದೆ."

ಪಂಚಾಕ್ಷರಿಗೆ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲವಾಯಿತು. ಕಟ್ಟೆ ಸರಿ, ಕಟ್ಟಳೆ ಸರಿ, ಮುದುಕನೂ ಸರಿ. ಹಾಗಾದರೆ ಕತೆ ಹೇಳಿದ್ದು ಯಾತಕ್ಕೆ? ಅದನ್ನೇ ಕೇಳಬೇಕೆಂದು ಬಾಯಿ ತೆರೆದ. ಗುರುಗಳು ಆಗಲೇ ಗೋಡೆಗೆ ಒರಗಿದ್ದ ಏಣಿಯ ಕಡೆಗೆ ತಿರುಗಿದ್ದರು.

"ನಮಗೆ ತಂದ ಏಣಿಯ ಕಾಲು ಕಪ್ಪಗಿದೆಯಲ್ಲ ಪಂಚಾಕ್ಷರಿ, ನೀಲಿಯದು ಮುಗಿದುಹೋಯಿತೇ?"