ಸಂಜೆಗೆ ತಲೆ ಎತ್ತುವ ಗಿಡಗಳು

ಹಿರಿಯ ಶಿಷ್ಯ ಅಡಿವೆಪ್ಪ ತನ್ನ ಗುರುಗಳನ್ನು ಕೇಳಿದ:

“ಗುರುಗಳೇ, ಹೊಸದಾಗಿ ಬಂದ ಆರು ಮಂದಿ ಶಿಷ್ಯರನ್ನು ನೀವು ನನ್ನ ಕೈಗೆ ಒಪ್ಪಿಸಿ ಒಂದು ವರ್ಷವಾಯಿತು. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇನೆ. ದಿನಕ್ಕೆ ಹತ್ತು ಸಲ ಬಂದರೂ ಬೇಸರಪಡುವುದಿಲ್ಲ. ಯಾರ ಮುಖ ಸ್ವಲ್ಪ ಸಪ್ಪಗಾದರೂ ನಾನೇ ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಹೋದ ತಿಂಗಳು ಜ್ವರ ಬಂದು ಮೂರು ದಿನ ಮಲಗಿದೆ. ಎದ್ದು ನೋಡಿದರೆ ಇಬ್ಬರು ಗಂಟು ಕಟ್ಟಿಕೊಂಡು ಊರಿಗೆ ಹೊರಟು ನಿಂತಿದ್ದರು. ಉಳಿದವರು ಪಾಠ ಬಿಟ್ಟಿದ್ದರು. ನಾನು ಕೊಟ್ಟಿದ್ದರಲ್ಲಿ ಏನು ಕಡಿಮೆಯಾಯಿತು? ಇನ್ನೇನು ಕೊಡಲಿ?”

ಗುರುಗಳು, “ಕೂತುಕೋ. ಒಬ್ಬ ತೋಟಗಿತ್ತಿಯ ಕತೆ ಹೇಳುತ್ತೇನೆ” ಎಂದರು.

ಒಂದು ದೊಡ್ಡ ಮರಳುಗಾಡಿನ ನಡುವೆ ಒಂದು ತಂಗುದಾಣವಿತ್ತು. ಒಂದು ಬಾವಿ, ಏಳೆಂಟು ಕೋಣೆ, ಕೆಲವು ಖರ್ಜೂರದ ಮರ, ಅಷ್ಟೇ. ಒಂಟೆಗಳ ಮೇಲೆ ಸರಕು ಹೇರಿಕೊಂಡು ಹೋಗುವ ವರ್ತಕರು ಅಲ್ಲಿ ಇಳಿದು, ನೀರು ಕುಡಿದು, ದಣಿವಾರಿಸಿಕೊಂಡು ಮುಂದೆ ಹೋಗುತ್ತಿದ್ದರು. ಯಾವ ದಿಕ್ಕಿನಿಂದ ಬಂದರೂ ಎರಡು ಮೂರು ತಿಂಗಳ ದಾರಿ. ದಾರಿಯುದ್ದಕ್ಕೂ ಒಣ ರೊಟ್ಟಿ, ಒಣ ಮಾಂಸ. ಹಸಿರು ಎಂಬುದು ಬಾಯಿಗೆ ಬೀಳದೆ ಅಷ್ಟು ದಿನ ನಡೆದವರಿಗೆ ವಸಡಿನಿಂದ ರಕ್ತ ಬರುತ್ತಿತ್ತು. ಹಲ್ಲು ಅಲುಗಾಡುತ್ತಿದ್ದವು. ಕಾಲು ಊದುತ್ತಿತ್ತು. ಚಳಿಗಾಲದಲ್ಲಿ ಬಂದವರು ತಂಗುದಾಣದ ಪಾತಿಗಳಲ್ಲಿ ಬೆಳೆದ ಸೊಪ್ಪು ತಿಂದು ಚೇತರಿಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಪ್ರತಿ ಬೇಸಿಗೆಯೂ ಇಬ್ಬರನ್ನೋ ಮೂವರನ್ನೋ ಗೋಡೆಯಾಚೆ ಹೂಳಬೇಕಾಗುತ್ತಿತ್ತು.

ತಂಗುದಾಣದ ಯಜಮಾನ ದೂರದ ಹೊಳೆಯ ಸೀಮೆಯಿಂದ ಒಬ್ಬ ತೋಟಗಿತ್ತಿಯನ್ನು ಕರೆಸಿದ. ಅವಳು ಗಟ್ಟಿ ಹೆಂಗಸು. ತರಕಾರಿ ಬೆಳೆಯುವುದರಲ್ಲಿ ಅವಳ ಸಮಕ್ಕೆ ಯಾರೂ ಇಲ್ಲವೆಂದು ಆ ಕಡೆಯ ಜನ ಹೇಳುತ್ತಿದ್ದರು. ಅವಳು ಬಂದವಳೇ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದಳು. ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿದಳು. ನೀರು ಸ್ವಲ್ಪ ಉಪ್ಪುಪ್ಪಾಗಿತ್ತು.

“ಬಿಸಿಲು ಎಲ್ಲ ಕಡೆಯೂ ಇದೆ ಯಜಮಾನರೇ. ನೀರು ಕೊಡಿ, ಬೆಳೆದು ತೋರಿಸುತ್ತೇನೆ. ನಾನು ಇಟ್ಟ ಗಿಡ ಒಣಗಿದ್ದನ್ನು ಇದುವರೆಗೆ ಯಾರೂ ನೋಡಿಲ್ಲ” ಎಂದಳು.

ಅದು ಜಂಬದ ಮಾತಾಗಿರಲಿಲ್ಲ. ನಿಜವೇ ಆಗಿತ್ತು.

ಬಿಸಿಲು ಏರುವ ಮೊದಲೇ ಅವಳು ಬೆಂಡೆ, ಅಲಸಂದೆ, ಸೌತೆ, ಹರಿವೆ ಹಾಕಿದಳು. ಬೇಸಿಗೆ ಬಂತು. ಎಲೆ ಜೋತುಬಿದ್ದದ್ದು ಕಂಡ ಕೂಡಲೇ ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಹೊತ್ತೇರಿದಾಗ ಒಮ್ಮೆ, ನಡು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಒಂದೊಂದು ಗಿಡಕ್ಕೂ ಒಂದೊಂದು ಬೊಗಸೆ. ನೀರು ಬಿದ್ದ ಸ್ವಲ್ಪ ಹೊತ್ತಿಗೆ ಗಿಡ ತಲೆ ಎತ್ತುತ್ತಿತ್ತು. ಅದನ್ನು ನೋಡಿ ಅವಳ ಮುಖ ಅರಳುತ್ತಿತ್ತು. ಮರಳುಗಾಡಿನ ನಡುಬೇಸಿಗೆಯಲ್ಲಿ ಹಚ್ಚಗಿನ ಪಾತಿಗಳನ್ನು ಕಂಡು ದಾರಿಹೋಕರು ಬೆರಗಾದರು. ದಾರಿಯಲ್ಲಿ ಎದುರಾದ ತಂಡಗಳಿಗೆಲ್ಲ ಸುದ್ದಿ ಮುಟ್ಟಿಸಿದರು. ಆ ತಂಗುದಾಣದಲ್ಲಿ ಈ ಸಲ ಬೇಸಿಗೆಯಲ್ಲೂ ಸೊಪ್ಪು ಸಿಗುತ್ತದೆ ಎಂದು ಎಲ್ಲ ಕಡೆ ಹೇಳಿದರು.

ಒಂದು ದಿನ ಬಾವಿಯಿಂದ ನೀರೆತ್ತುವ ಕಪಿಲೆಯ ಹಗ್ಗ ಹರಿಯಿತು. ಚರ್ಮದ ಹಗ್ಗ, ಹೊಸದನ್ನು ಹೊಸೆಯಬೇಕು. ಎರಡು ದಿನ ಹಿಡಿಯಿತು. ಅಷ್ಟರವರೆಗೆ ಸಣ್ಣ ಚೊಂಬು ಕಟ್ಟಿ ಕೈಯಿಂದ ಸೇದಿದ್ದು ಜನರ ಬಾಯಿಗೆ, ಒಂಟೆಗಳ ಬಾಯಿಗೆ ಮಾತ್ರ ಸಾಕಾಯಿತು. ಮೊದಲ ದಿನ ಗಿಡಗಳು ಜೋತುಬಿದ್ದವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿದವು. ಒಂದೂ ಉಳಿಯಲಿಲ್ಲ.

ಎಂಟು ದಿನಗಳ ಮೇಲೆ ಒಬ್ಬ ಬಟ್ಟೆ ವರ್ತಕನ ತಂಡ ಬಂತು. ಅವನು ಬೇಸಿಗೆಯಲ್ಲಿ ಆ ದಾರಿ ಹಿಡಿಯುವವನೇ ಅಲ್ಲ. ನಡುದಾರಿಯಲ್ಲಿ ತೋಟದ ಸುದ್ದಿ ಕೇಳಿ, ನಂಬಿ, ಜೊತೆಗಿದ್ದ ಹೆಂಡತಿಗಾಗಿ ಈ ಕಡೆ ತಿರುಗಿದ್ದ. ಅವಳನ್ನು ಒಂಟೆಯಿಂದ ಎತ್ತಿ ಇಳಿಸಬೇಕಾಯಿತು. ಬಾಯಿ ಊದಿಕೊಂಡಿತ್ತು. ಅವಳು ತೋಟಗಿತ್ತಿಯ ಕೈ ಹಿಡಿದು, “ಇಲ್ಲಿ ಸೊಪ್ಪು ಇದೆ ಅಂದರಲ್ಲ ತಾಯಿ?” ಎಂದು ಕೇಳಿದಳು. ತೋಟಗಿತ್ತಿ ಅವಳನ್ನು ಒಳಗೆ ಒಯ್ದು ಮಲಗಿಸಿದಳು. ವರ್ತಕನ ಹೆಂಡತಿ ನಾಲ್ಕನೆಯ ದಿನ ತೀರಿಕೊಂಡಳು.

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ತೋಟಗಿತ್ತಿ ಒಣಗಿದ ಪಾತಿಯ ಹತ್ತಿರ ಕೂತಳು. ಅಳಲಿಲ್ಲ. ಒಂದು ಬೆಂಡೆ ಗಿಡವನ್ನು ಕಿತ್ತಳು. ಅದು ಎರಡು ಬೆರಳಿಗೇ ಬಂತು. ಬೇರು ಬೆರಳುದ್ದವೂ ಇರಲಿಲ್ಲ. ಕೆಳಗೆ ಇಳಿಯದೆ, ದಿನಕ್ಕೆ ನಾಲ್ಕು ಸಲ ನೀರು ಬೀಳುತ್ತಿದ್ದ ಮೇಲ್ಮಣ್ಣಿನಲ್ಲೇ ಹರಡಿಕೊಂಡಿತ್ತು. ಮಣ್ಣಿನ ಮೇಲೆ ಬಿಳಿಯ ಉಪ್ಪು ಕಟ್ಟಿತ್ತು. ಇನ್ನೊಂದು ಕಿತ್ತಳು. ಅದೂ ಹಾಗೆಯೇ ಇತ್ತು. ಆಮೇಲೆ ಎದ್ದು ಗೋಡೆಯಾಚೆ ಹೋದಳು. ಅಲ್ಲಿ ಯಾರೂ ನೀರು ಹಾಕದ ಒಂದು ಹಾವುಮೆಕ್ಕೆ ಬಳ್ಳಿ ಹಸಿರಾಗಿ ಹಬ್ಬಿತ್ತು. ಅದರ ಬುಡವನ್ನು ಅಗೆದಳು. ಒಂದು ಮೊಳ ಅಗೆದಳು, ಎರಡು ಮೊಳ ಅಗೆದಳು. ಬೇರಿನ ಕೊನೆ ಸಿಗಲಿಲ್ಲ.

ಯಜಮಾನ ಅವಳನ್ನು ಕರೆದು ಹೇಳಿದ:

“ನಿನ್ನ ತಪ್ಪೇನೂ ಇಲ್ಲಮ್ಮ. ಹಗ್ಗ ಹರಿಯಿತು, ಅದಕ್ಕೆ ನೀನೇನು ಮಾಡುತ್ತೀಯ. ಒಂಟೆ ಕೊಡಿಸುತ್ತೇನೆ, ನಿನ್ನ ಸೀಮೆಗೆ ಹೋಗಿಬಿಡು.”

“ಹಗ್ಗ ಹರಿದದ್ದು ಎರಡೇ ದಿನ ಯಜಮಾನರೇ. ಎರಡು ದಿನಕ್ಕೆ ಸಾಯುವ ಹಾಗೆ ಬೆಳೆಸಿದವಳು ನಾನು. ಬೇಸಿಗೆ ಇನ್ನೂ ಮೂರು ತಿಂಗಳು ಇದೆ. ಮತ್ತೆ ಬಿತ್ತುತ್ತೇನೆ.”

“ಈ ಸಲ ಎಷ್ಟು ನೀರು ಬೇಕು?”

“ಹೋದ ಸಲದ ಅರ್ಧ ಸಾಕು.”

ಯಜಮಾನ ಅವಳ ಮುಖವನ್ನೇ ನೋಡಿದ. ದುಃಖಕ್ಕೆ ತಲೆ ಕೆಟ್ಟಿರಬೇಕು ಅನ್ನಿಸಿತು. ಆದರೆ ಅವಳ ಕಣ್ಣು ಸ್ಥಿರವಾಗಿತ್ತು. ಒಪ್ಪಿದ.

ಅವಳು ಉಪ್ಪು ಕಟ್ಟಿದ ಜಾಗವನ್ನು ಬಿಟ್ಟಳು. ಹೊಸ ಜಾಗದಲ್ಲಿ ನೆಲಕ್ಕಿಂತ ಒಂದು ಗೇಣು ಕೆಳಗೆ ಪಾತಿ ತೋಡಿದಳು. ಪಡುವಣ ದಿಕ್ಕಿಗೆ ಮಾತ್ರ ಖರ್ಜೂರದ ಗರಿಗಳ ತಡಿಕೆ ಕಟ್ಟಿದಳು. ಸಸಿ ಎಬ್ಬಿಸಿ ನೆಡುವುದನ್ನು ಬಿಟ್ಟು ಬೀಜವನ್ನೇ ನೇರವಾಗಿ ಊರಿದಳು. ಸಸಿ ಗೇಣುದ್ದ ಆಗುವವರೆಗೆ ಜೋಪಾನವಾಗಿ ನೋಡಿಕೊಂಡಳು. ಆಮೇಲೆ ಪಾತಿಯ ತುಂಬ ಒಣ ಹುಲ್ಲು ಹೊದಿಸಿದಳು. ನಸುಕಿನಲ್ಲಿ ಪಾತಿ ತುಂಬುವಂತೆ ನೀರು ಬಿಟ್ಟು, ಒಂದು ಕೋಲನ್ನು ಮಣ್ಣಿಗೆ ಚುಚ್ಚಿ ನೋಡಿದಳು. ಅದು ಮೊಳದುದ್ದ ಸಲೀಸಾಗಿ ಇಳಿದ ಮೇಲೆ ನೀರು ನಿಲ್ಲಿಸಿದಳು. ಮಾರನೆಯ ದಿನ ನೀರು ಹಾಕಲಿಲ್ಲ. ಅದರ ಮಾರನೆಯ ದಿನವೂ ಹಾಕಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎಲೆಗಳೆಲ್ಲ ಜೋತುಬಿದ್ದವು.

ತಂಗುದಾಣದಲ್ಲಿ ಒಬ್ಬ ಅಡುಗೆಯವನಿದ್ದ. ವಯಸ್ಸಾದವನು. ಬೇಸಿಗೆಯಲ್ಲಿ ಸತ್ತವರಿಗೆಲ್ಲ ಕೊನೆಯ ಗಂಜಿ ಕುಡಿಸಿದವನು ಅವನೇ. ಅವನು ಆ ಗಿಡಗಳನ್ನು ನೋಡಲಾರದೆ ಅಡುಗೆಮನೆಯಿಂದ ಒಂದು ಕೊಡ ನೀರು ಎತ್ತಿಕೊಂಡು ಬಂದ. ತೋಟಗಿತ್ತಿ ಅಡ್ಡ ನಿಂತಳು.

“ಕಣ್ಣು ಕಾಣುವುದಿಲ್ಲವೇನು ತಂಗಿ ನಿನಗೆ? ಸಾಯುತ್ತಿವೆ!” ಎಂದು ಅವನು ಕೂಗಿದ.

“ಇದು ಬಿಸಿಲಿನ ಬಾಡು ಅಣ್ಣಾ. ಸಂಜೆ ಬಂದು ನೋಡು. ಸಂಜೆಗೂ ತಲೆ ಎತ್ತದಿದ್ದರೆ ನಾನೇ ನೀರು ಹಾಕುತ್ತೇನೆ.”

“ಕಲ್ಲು ಮನಸ್ಸು ನಿನ್ನದು” ಎಂದು ಬೈದು ಅವನು ಕೊಡ ಹಿಂದಕ್ಕೆ ಒಯ್ದ.

ಬಿಸಿಲು ಇಳಿಯಿತು. ಅವನು ಮತ್ತೆ ಬಂದ. ಬೆಂಡೆ ತಲೆ ಎತ್ತಿತ್ತು. ಅಲಸಂದೆ ತಲೆ ಎತ್ತಿತ್ತು. ಸೌತೆಯ ಒಂದು ಸಾಲು ಮಾತ್ರ ಬಿದ್ದಲ್ಲೇ ಬಿದ್ದಿತ್ತು. ತೋಟಗಿತ್ತಿ ಆ ಸಾಲಿಗೆ ಮಾತ್ರ ನೀರು ಬಿಟ್ಟಳು. ತಡಮಾಡಲಿಲ್ಲ, ಕಡಿಮೆಯನ್ನೂ ಬಿಡಲಿಲ್ಲ.

ಹೀಗೆ ಮೂರು ದಿನಕ್ಕೊಮ್ಮೆ ಇದ್ದದ್ದು ನಾಲ್ಕು ದಿನಕ್ಕೊಮ್ಮೆ ಆಯಿತು, ಐದಕ್ಕೊಮ್ಮೆ ಆಯಿತು. ನೋಡಿದವರು ಅವಳಿಗೆ ಕೈ ಬಿಗಿ ಅಂದುಕೊಂಡರು. ಮಧ್ಯಾಹ್ನದ ಹೊತ್ತು ಅವಳು ತೋಟಕ್ಕೆ ಬೆನ್ನು ಹಾಕಿ ಬಾವಿಯ ಆ ಬದಿಗೆ ಹೋಗಿ ಕೂತು ಹರಿದ ಚೀಲ ಹೊಲಿಯುತ್ತಿದ್ದಳು. ಹೊಲಿಗೆಯ ನಡುವೆ ಮತ್ತೆ ಮತ್ತೆ ನೆರಳು ಎಷ್ಟು ಉದ್ದವಾಯಿತೆಂದು ನೋಡುತ್ತಿದ್ದಳು. ಆದರೆ ಎದ್ದು ಬರುತ್ತಿರಲಿಲ್ಲ.

ಬಿತ್ತಿ ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮರಳುಗಾಳಿ ಎದ್ದಿತು. ಅದೇ ಗಾಳಿಯಲ್ಲಿ, ಹಿಂದೆಂದೂ ಬರದಷ್ಟು ದೊಡ್ಡ ತಂಡವೊಂದು ದಾರಿ ತಪ್ಪಿ, ಸುತ್ತಿ ಬಳಸಿ ತಂಗುದಾಣ ಸೇರಿತು. ನೂರಕ್ಕೂ ಮಿಕ್ಕಿ ಒಂಟೆ. ಅರ್ಧದಷ್ಟು ಜನ ಕಾಯಿಲೆಯವರು. ಬಾವಿಯ ನೀರೆಲ್ಲ ಅವರಿಗೇ ಬೇಕಾಯಿತು. ಅಂದು ತೋಟಕ್ಕೆ ನೀರಿನ ದಿನ. ಯಜಮಾನ ತೋಟಗಿತ್ತಿಯ ಹತ್ತಿರ ಬಂದು ಪಾತಿಗಳ ಕಡೆ ನೋಡಿದ.

“ಜನಕ್ಕೆ ಕೊಡಿ. ಗಿಡ ತಡೆಯುತ್ತವೆ” ಎಂದಳು ಅವಳು.

ಗಾಳಿ ಬೀಸಿತು. ನಾಲ್ಕು ದಿನ ಪಾತಿಗೆ ಒಂದು ಹನಿ ನೀರು ಬೀಳಲಿಲ್ಲ. ತಡಿಕೆ ಹಾರಿಹೋಯಿತು. ಹೊದಿಸಿದ ಹುಲ್ಲು ಹಾರಿಹೋಯಿತು. ಐದನೆಯ ದಿನ ಗಾಳಿ ನಿಂತಾಗ ಅವಳೂ ಅಡುಗೆಯವನೂ ಹೋಗಿ ನೋಡಿದರು. ಎಲೆಗಳು ಹರಿದಿದ್ದವು. ಸೌತೆಯಲ್ಲಿ ಅರ್ಧ ಹೋಗಿತ್ತು. ಬೆಂಡೆ ನಿಂತಿತ್ತು, ಅಲಸಂದೆ ನಿಂತಿತ್ತು. ಹರಿವೆ ಮರಳಿನಲ್ಲಿ ಹೂತುಹೋಗಿತ್ತು. ಕೈಯಿಂದ ಮರಳು ಸರಿಸಿದರೆ ಕೆಳಗೆ ದಂಟು ಹಸಿಯಾಗಿತ್ತು. ಅವಳು ಒಂದು ಬೆಂಡೆ ಗಿಡವನ್ನು ಹಿಡಿದು ಎಳೆದಳು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಆಗಲೂ ಬರಲಿಲ್ಲ. ಅವಳು ನಕ್ಕಳು. ವರ್ತಕನ ಹೆಂಡತಿ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಸೊಪ್ಪನ್ನು ಅರೆದು, ರಸ ಹಿಂಡಿ ಕಾಯಿಲೆಯವರಿಗೆ ಕುಡಿಸಿದರು. ಅಗಿಯಬಲ್ಲವರಿಗೆ ಎಳೆ ಕಾಯಿ ಕೊಟ್ಟರು. ತಂಡದ ಮುಖಂಡನ ಬಾಯಿ ಎಲ್ಲರಿಗಿಂತ ಕೆಟ್ಟಿತ್ತು. ಒಂದು ವಾರ ರಸವನ್ನೇ ಕುಡಿದ. ಎಂಟನೆಯ ದಿನ ಅಂಗಳದಲ್ಲಿ ಕೂತು ಒಂದು ಹಸಿ ಬೆಂಡೆಕಾಯಿಯನ್ನು ಕಟಕ್ಕೆಂದು ಕಚ್ಚಿದ. ಸುತ್ತ ಕೂತವರೆಲ್ಲ ಹೋ ಎಂದು ಕೂಗಿದರು. ಆ ತಂಡದಲ್ಲಿ ಒಬ್ಬರೂ ಸಾಯಲಿಲ್ಲ. ಆ ಬೇಸಿಗೆ ಮುಗಿಯುವವರೆಗೆ ಗೋಡೆಯಾಚೆ ಮತ್ತೆ ಯಾರನ್ನೂ ಹೂಳಲಿಲ್ಲ.

ತಂಡ ಹೊರಟುಹೋದ ಮೇಲೆ ಅಡುಗೆಯವನು ತೋಟಗಿತ್ತಿಯನ್ನು ಕೇಳಿದ:

“ಆ ದಿನ ನಿನ್ನನ್ನು ಕಲ್ಲು ಮನಸ್ಸಿನವಳು ಅಂದೆ. ತಪ್ಪಾಯಿತು ತಂಗಿ. ಈ ಎರಡು ತಿಂಗಳಲ್ಲಿ ನಿನಗೆ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು? ತೋಡುವುದೋ, ಹೊರುವುದೋ?”

ಅವಳು, “ಕೈಕಟ್ಟಿ ಕೂರುವುದು” ಎಂದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ನೆಟ್ಟಗೆ ಕೂತ. ಅವನ ಮುಖದಲ್ಲಿ ಗೆಲುವು ಕಾಣಿಸಿತು.

“ತಿಳಿಯಿತು ಗುರುಗಳೇ. ಇನ್ನು ಮೇಲೆ ಅವರು ಕೇಳಿದ ಕೂಡಲೇ ಹೇಳುವುದಿಲ್ಲ.”

“ಸೌತೆಯ ಸಾಲಿಗೆ ಅವಳು ನೀರು ಬಿಟ್ಟಳಲ್ಲ?”

“ಹೌದು. ನಿಜವಾಗಿ ಸೋತವರು ಯಾರು, ಸುಮ್ಮನೆ ದಣಿದವರು ಯಾರು ಎಂದು ನೋಡಿಕೊಂಡು ಹೇಳುತ್ತೇನೆ. ಅವರಲ್ಲಿ ಯಾರದು ಬರಿಯ ಬಿಸಿಲಿನ ಬಾಡು ಎಂದು ಗುರುತಿಸುವುದನ್ನು ಮಾತ್ರ ನೀವು ನನಗೆ ಹೇಳಿಕೊಡಬೇಕು.”

ಗುರುಗಳು ಅವನ ಕಡೆ ತಿರುಗಿದರು.

“ನಿನ್ನೆ ಇಡೀ ದಿನ ಅವರಲ್ಲಿ ಒಬ್ಬರೂ ನಿನ್ನ ಬಾಗಿಲಿಗೆ ಬರಲಿಲ್ಲವಲ್ಲ. ಆಗ ಬಾಡಿದವರು ಯಾರು, ಅಡಿವೆಪ್ಪ?”