ತೆರೆದೇ ಇದ್ದ ಪ್ರೋಗ್ರಾಮ್

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರುಳಯ್ಯನವರು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು.

ಅವರ ಶಿಷ್ಯ ವೃಷಭೇಂದ್ರ ಆಶ್ರಮದ ದವಾಖಾನೆಗೆ ಒಂದು ಪ್ರೋಗ್ರಾಮ್ ಬರೆದುಕೊಟ್ಟ. ಯಾರಿಗೆ ಯಾವ ಮಾತ್ರೆ, ಎಷ್ಟು ಎಂದು ಅದು ತೋರಿಸುತ್ತಿತ್ತು. ಬೆಳಿಗ್ಗೆ ತೆರೆದರೆ ದವಾಖಾನೆ ಮುಚ್ಚುವವರೆಗೂ ತೆರೆದೇ ಇರುತ್ತಿತ್ತು.

ಅದರಲ್ಲಿ ಹೆಸರು ಬರೆದು, ನೋಡಿ ಮಾತ್ರೆ ಕೊಡುತ್ತಿದ್ದವಳು ರೇಣವ್ವ. ಕನ್ನಡಕ ಹಾಕಿದ್ದರೂ ಹೊತ್ತು ಇಳಿದಂತೆ ಅವಳ ಕಣ್ಣು ಮಂಜಾಗುತ್ತಿತ್ತು. ಆಗ ಕಂಪ್ಯೂಟರಿನ ಸೆಟ್ಟಿಂಗ್‌ಗೆ ಹೋಗಿ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳುತ್ತಿದ್ದಳು. ಪರದೆಯ ಮೇಲಿನದೆಲ್ಲ ದೊಡ್ಡದಾಗುತ್ತಿತ್ತು, ವೃಷಭೇಂದ್ರನ ಪ್ರೋಗ್ರಾಮ್ ಒಂದನ್ನು ಬಿಟ್ಟು.

ಒಂದು ಸಂಜೆ ಅಂಬಿಗ ಲಕ್ಕಪ್ಪನ ಸರದಿ. ಅರ್ಧ ಮಾತ್ರೆ ಎನ್ನಲು ಪರದೆಯ ಮೇಲೆ ‘.5’ ಎಂದಿತ್ತು. ರೇಣವ್ವನಿಗೆ ಚುಕ್ಕೆ ಕಾಣಲಿಲ್ಲ.

"ಐದು ಕೊಟ್ಟೆಯಲ್ಲವ್ವಾ," ಎಂದ ಲಕ್ಕಪ್ಪ, ಅಂಗೈ ನೋಡಿಕೊಂಡು. "ದಿನಾ ಅರ್ಧವೇ ನುಂಗೋದು. ಇದು ಎದೆಬಡಿತದ ಮಾತ್ರೆ ತಾನೆ?"

ರೇಣವ್ವ ಮಾತ್ರೆಗಳನ್ನು ಕಸಿದುಕೊಂಡಳು. ಒಂದನ್ನು ಮುರಿದು ಅರ್ಧ ಕೊಟ್ಟಳು.

ಸುದ್ದಿ ಕೇಳಿ ವೃಷಭೇಂದ್ರ ಹೇಳಿದ: "ಪ್ರೋಗ್ರಾಮ್ ತೆರೆಯುವಾಗ ಅಕ್ಷರದ ಗಾತ್ರ ನೋಡಿಕೊಳ್ಳುತ್ತದೆ. ಆಮೇಲೆ ಬದಲಾಯಿಸಿದರೆ ಒಮ್ಮೆ ಮುಚ್ಚಿ ತೆರೆಯಬೇಕು, ಅಷ್ಟೆ."

"ಅರ್ಧ ಬರೆದದ್ದು ಅಳಿಸಿಹೋಗುತ್ತದಲ್ಲಪ್ಪಾ," ಎಂದಳು ರೇಣವ್ವ. " ಎದುರಿಗೆ ಜನ ಬೇರೆ ನಿಂತಿರುತ್ತಾರೆ."

ಅವನು ತನ್ನ ಕೋಣೆಗೆ ಹೊರಟ. ಪಕ್ಕದಲ್ಲಿದ್ದ ಮರುಳಯ್ಯನವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮರುದಿನ ವೃಷಭೇಂದ್ರ ಎಂದಿನಂತೆ ಎಲ್ಲರಿಗಿಂತ ಮೊದಲು ಪಾಠದ ಕೋಣೆಗೆ ಹೋಗಿ ಕುಳಿತ. ಯಾರೂ ಬರಲಿಲ್ಲ. ಕಾದು ಸಾಕಾಗಿ ಹೊರಗೆ ಬಂದರೆ, ನದಿಯ ಬಂಡೆಗಳ ಮೇಲೆ ಪಾಠ ಮುಗಿದು ಎಲ್ಲರೂ ಏಳುತ್ತಿದ್ದರು.

"ಗುರುಗಳೇ, ಪಾಠದ ಜಾಗ ಬದಲಾದದ್ದನ್ನು ನನಗೆ ಹೇಳಲೇ ಇಲ್ಲ!"

"ಬಾಗಿಲ ಹೊರಗೆ ಬರೆದಿದ್ದೆ. ಒಳಗೆ ಬರುವವರಿಗೆಲ್ಲ ಕಾಣುತ್ತದೆ."

"ನೀವು ಬರೆಯುವ ಮೊದಲೇ ನಾನು ಒಳಗಿದ್ದೆ."

"ಒಮ್ಮೆ ಹೊರಗೆ ಹೋಗಿ ಒಳಗೆ ಬರಬೇಕಿತ್ತು," ಎಂದರು ಗುರುಗಳು, "ಅಷ್ಟೆ."

ವೃಷಭೇಂದ್ರನ ಕಿವಿ ಬಿಸಿಯಾಯಿತು.

ಅವತ್ತೇ ಪ್ರೋಗ್ರಾಮ್ ತಿದ್ದಿದ. ಗಾತ್ರ ಬದಲಾಯಿತೇ ಎಂದು ಅದು ಈಗ ಕಂಪ್ಯೂಟರನ್ನು ಕ್ಷಣಕ್ಷಣಕ್ಕೂ ಕೇಳತೊಡಗಿತು. ಉತ್ತರ ಕೊಡುವುದೇ ಕಂಪ್ಯೂಟರಿಗೆ ಕೆಲಸವಾಯಿತು. ರೇಣವ್ವ ಒಂದು ಹೆಸರು ಒತ್ತಿದರೆ ಅದು ಮೂಡುವಷ್ಟರಲ್ಲಿ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು.

ಅವನು ಮತ್ತೆ ತಿದ್ದಲು ಕುಳಿತ. ಗುರುಗಳು ಬಂದು ಪಕ್ಕದಲ್ಲಿ ಕುಳಿತರು.

"ಮುಗಿಯಿತೇ?"

"ಇಲ್ಲ, ಗುರುಗಳೇ."

"ಮುಗಿಯಿತೇ?"

"ಇನ್ನೂ ಇಲ್ಲ."

"ಈಗ?"

"ಗುರುಗಳೇ, ಮುಗಿದ ಕೂಡಲೇ ನಾನೇ ಬಂದು ಹೇಳುತ್ತೇನೆ!"

ಗುರುಗಳು ಎದ್ದು ಹೋದರು.

ವೃಷಭೇಂದ್ರ ಕಂಪ್ಯೂಟರಿನ ಕೈಪಿಡಿ ತೆರೆದ. ಬದಲಾದದ್ದನ್ನು ಅದೇ ಬಂದು ಹೇಳುವ ದಾರಿ ಇದೆಯೇ ಎಂದು ಹುಡುಕಿದ. ಸೆಟ್ಟಿಂಗ್ ಬದಲಾದಾಗಲೆಲ್ಲ ಕಂಪ್ಯೂಟರ್ ತಾನಾಗಿಯೇ, ತೆರೆದಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಸುದ್ದಿ ಕಳಿಸುತ್ತಿತ್ತು. ಅವನ ಪ್ರೋಗ್ರಾಮಿಗೂ ಕಳಿಸುತ್ತಿತ್ತು, ಮೊದಲ ದಿನದಿಂದಲೂ. ಅದನ್ನು ಕೇಳಿಸಿಕೊಳ್ಳುವ ಸಾಲುಗಳನ್ನು ಅವನು ಬರೆದೇ ಇರಲಿಲ್ಲ.

ಬರೆದ. ‘.5’ ಇದ್ದ ಕಡೆ ‘ಅರ್ಧ’ ಎಂದೂ ಮಾಡಿದ.

ಸಂಜೆ ರೇಣವ್ವ ಅಕ್ಷರ ದೊಡ್ಡದು ಮಾಡಿಕೊಂಡಳು. ಅರ್ಧ ಬರೆದಿದ್ದ ಹೆಸರು ಅಳಿಯದೆ ಇದ್ದಲ್ಲೇ ದೊಡ್ಡದಾಯಿತು. ಅವಳು ಬೆನ್ನು ಬಗ್ಗಿಸದೆ ಓದಿ, ಮಾತ್ರೆ ಕೊಟ್ಟು, ಮುಂದಿನವರನ್ನು ಕರೆದಳು.

ವೃಷಭೇಂದ್ರ ಗುರುಗಳ ಬಳಿಗೆ ಹೋದ. ಅವನ ಮುಖದಲ್ಲಿ ಗೆಲುವಿರಲಿಲ್ಲ.

"ಕಂಪ್ಯೂಟರ್ ಇಷ್ಟು ದಿನ ಹೇಳುತ್ತಲೇ ಇತ್ತು, ಗುರುಗಳೇ. ಕೇಳಿಸಿಕೊಳ್ಳಬೇಕು ಅಂತ ನನಗೆ ಯಾಕೆ ಹೊಳೆಯಲಿಲ್ಲ?"

"ನೀನು ಆ ಪ್ರೋಗ್ರಾಮನ್ನು ಮೊದಲ ಸಲ ಬರೆಯುತ್ತಿದ್ದಾಗ ರೇಣವ್ವ ಕನ್ನಡಕ ಒರೆಸಿಕೊಳ್ಳುತ್ತಾ ನಿನ್ನ ಬಾಗಿಲಲ್ಲಿ ಬಂದು ನಿಂತಿದ್ದಳು," ಎಂದರು ಮರುಳಯ್ಯನವರು. "ನೀನು ತಲೆ ಎತ್ತಲಿಲ್ಲ."